ನಳಿಗೆಗೆ ಸಿಕ್ಕಿಸಿದ ಬೆಲೆಚೀಟಿ

2017ರ ಚಳಿಗಾಲದ ಒಂದು ಶನಿವಾರ, ವರ್ಜೀನಿಯಾದಲ್ಲಿ ನಮ್ಮ ಮನೆಯಿಂದ ಒಂದು ತಾಸು ದೂರದ ಪ್ರದರ್ಶನ ಮಳಿಗೆಯಲ್ಲಿ ನಡೆಯುತ್ತಿದ್ದ ಗನ್ ಶೋಗೆ, ಅಂದರೆ ಬಂದೂಕುಗಳ ಮಾರಾಟಮೇಳಕ್ಕೆ, ಸಹೋದ್ಯೋಗಿಯೊಬ್ಬರ ಜೊತೆ ಹೋಗಿದ್ದೆ. ಟಿಕೆಟ್ ಕೊಳ್ಳುವವರ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲಿತ್ತು. ಅದು ಮನೆಯಿಂದ ಬಂದೂಕು ತಂದವರದು. ಬಾಗಿಲಲ್ಲಿ ನಿಂತವರು ಒಂದೊಂದನ್ನೂ ತೆರೆದು ನೋಡಿ, ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ತುಂಬಲು ಬಾರದಂತೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿದು ಒಳಗೆ ಬಿಡುತ್ತಿದ್ದರು. ಸುಮಾರು ಎಪ್ಪತ್ತು ವರ್ಷದ ಒಬ್ಬ ಹಿರಿಯರು ಹೆಗಲಿಗೆ ಹಳೆಯ ಬೇಟೆ ರೈಫಲ್ಲೊಂದನ್ನು ಹಾಕಿಕೊಂಡು ಮೇಜುಗಳ ನಡುವೆ ನಿಧಾನವಾಗಿ ನಡೆದಾಡುತ್ತಿದ್ದರು. ಅದರ ನಳಿಗೆಯ ಬಾಯಿಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಒಂದು ಚೀಟಿ, ಚೀಟಿಯ ಮೇಲೆ ಬೆಲೆ. ಅವರಿಗೆ ಮೇಜೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅವರಿಗೆ ಗಿರಾಕಿ ಸಿಕ್ಕಿದ. ಹಿರಿಯರು ಅವನ ಡ್ರೈವಿಂಗ್ ಲೈಸೆನ್ಸ್ ಕೇಳಿ ನೋಡಿದರು, ವಿಳಾಸ ವರ್ಜೀನಿಯಾದ್ದೆಂದು ಕಂಡುಕೊಂಡರು, ಪುಟ್ಟ ರಸೀದಿ ಪುಸ್ತಕದಲ್ಲಿ ಎರಡು ಸಾಲು ಬರೆದು ಇಬ್ಬರ ಸಹಿ ಹಾಕಿಸಿದರು, ಹಣ ಎಣಿಸಿಕೊಂಡರು. ಕಡ್ಡಿ ಮತ್ತು ಚೀಟಿಯನ್ನು ತಾವೇ ಕಿತ್ತು ಜೇಬಿಗೆ ಹಾಕಿಕೊಂಡು ರೈಫಲ್ಲನ್ನು ಅವನ ಕೈಗಿತ್ತರು. ಐದು ನಿಮಿಷವೂ ಆಗಲಿಲ್ಲ. ಆ ದಿನದ ಕಾನೂನಿನ ಪ್ರಕಾರ ಅವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ರಸೀದಿ ಕೂಡ ಕಾನೂನು ಕೇಳಿದ್ದಲ್ಲ, ಅವರ ಸ್ವಂತ ಎಚ್ಚರಿಕೆಯಿಂದ ಬರೆದದ್ದು.

ಸುಳ್ಯ ತಾಲೂಕಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಮಂಗ, ಹಂದಿಗಳನ್ನು ಓಡಿಸಲು ಅಪ್ಪನ ಬಳಿ ಒಂದು ಒಂಟಿನಳಿಗೆ ಕೋವಿ ಇತ್ತು. ಆದುದರಿಂದ ಅಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಬಂದೂಕುಗಳ ರಾಶಿಯಲ್ಲ, ಆ ಐದು ನಿಮಿಷ.

ಹೀಗೆ ಯಾವ ಸರ್ಕಾರಿ ಪರಿಶೀಲನೆಯೂ ಇಲ್ಲದೆ ಬಂದೂಕು ಕೈಬದಲಾಗುವುದನ್ನು ಅಮೆರಿಕದಲ್ಲಿ ‘ಗನ್ ಶೋ ಲೂಪ್‌ಹೋಲ್’ (ಗನ್ ಶೋದಲ್ಲಿ ಕಾನೂನಿನಿಂದ ನುಸುಳುವ ಕಿಂಡಿ) ಎಂದು ಕರೆಯುವುದು ರೂಢಿ. ನನ್ನ ಮಟ್ಟಿಗೆ ಆ ಹೆಸರೇ ಚರ್ಚೆಯನ್ನು ಅರ್ಧ ಹಾಳು ಮಾಡಿದೆ, ಏಕೆಂದರೆ ಒಕ್ಕೂಟದ ಕಾನೂನು ಜಾಗವನ್ನು ನೋಡುವುದೇ ಇಲ್ಲ, ಮಾರುವವನು ಯಾರು ಎಂಬುದನ್ನು ಮಾತ್ರ ನೋಡುತ್ತದೆ. 1968ರ ಗನ್ ಕಂಟ್ರೋಲ್ ಕಾಯ್ದೆಯಂತೆ ಬಂದೂಕಿನ ವ್ಯಾಪಾರ ಮಾಡುವವನಿಗೆ ಒಕ್ಕೂಟದ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ವ್ಯಾಪಾರಿ ಅಂಗಡಿಯಲ್ಲಿ ಮಾರಲಿ, ಗನ್ ಶೋದ ಮೇಜಿನ ಮೇಲೆ ಮಾರಲಿ, 4473 ಎಂಬ ನಮೂನೆಯನ್ನು ತುಂಬಿಸಿ ಕೊಳ್ಳುವವನ ಹಿನ್ನೆಲೆ ಪರಿಶೀಲನೆ (ಅವನಿಗೆ ಬಂದೂಕು ಹೊಂದಲು ನಿಷೇಧವಿದೆಯೇ ಎಂಬ ಸರ್ಕಾರಿ ತಪಾಸಣೆ) ಮಾಡಿಸಲೇಬೇಕು. ತನ್ನ ಸ್ವಂತದ ಒಂದೆರಡು ಬಂದೂಕು ಮಾರುವ ಖಾಸಗಿ ವ್ಯಕ್ತಿಗೆ ಈ ಕಟ್ಟುಪಾಡು ಗನ್ ಶೋದಲ್ಲೂ ಇಲ್ಲ, ಅವನ ಮನೆಯ ಜಗಲಿಯಲ್ಲೂ ಇಲ್ಲ. ಅವನಿಗೆ ಇರುವ ನಿಷೇಧಗಳು ಮುಖ್ಯವಾಗಿ ಎರಡು: ಬೇರೆ ರಾಜ್ಯದ ನಿವಾಸಿಗೆ ನೇರವಾಗಿ ಮಾರಬಾರದು, ಮತ್ತು ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾದವನಂಥ ನಿಷೇಧಿತ ವ್ಯಕ್ತಿ ಎಂದು ತಿಳಿದಿದ್ದೂ, ಅಥವಾ ಹಾಗೆ ನಂಬಲು ಸಕಾರಣವಿದ್ದೂ ಮಾರಬಾರದು. ವಯಸ್ಸಿನ ವಿಷಯದಲ್ಲೂ ವ್ಯತ್ಯಾಸವಿದೆ. ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು, ಖಾಸಗಿಯವರಿಂದಾದರೆ ಒಕ್ಕೂಟದ ಕಾನೂನಿಗೆ 18 ಸಾಕು.

‘ತಿಳಿದಿದ್ದೂ’ ಎಂಬ ಆ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ತಿಳಿಯದಿದ್ದರೆ ತಪ್ಪಿಲ್ಲ ಎಂದಾದರೆ, ಕೇಳದೆ ಇರುವವನೇ ಜಾಣ. ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ: 1998ರ ನವೆಂಬರ್‌ನಿಂದ ನಡೆಯುತ್ತಿರುವ ಒಕ್ಕೂಟದ ಹಿನ್ನೆಲೆ ಪರಿಶೀಲನಾ ವ್ಯವಸ್ಥೆಯನ್ನು ಖಾಸಗಿ ಮಾರಾಟಗಾರ ತಾನಾಗಿ ಬಳಸುವಂತಿಲ್ಲ. ಕೇಳಬೇಕೆಂಬ ಮನಸ್ಸಿದ್ದರೂ ಆ ಹಿರಿಯರು ಫೋನು ಮಾಡಿ ‘ಈತನಿಗೆ ಕೊಡಬಹುದೇ’ ಎಂದು ಕೇಳಲಾರರು. ಯಾವನಾದರೂ ವ್ಯಾಪಾರಿಯ ಮೂಲಕ ಹೋಗಬೇಕು, ಅವನು ಕೇಳಿದ ಶುಲ್ಕ ತೆರಬೇಕು.

ವರ್ಜೀನಿಯಾ ಈ ಕೊರತೆಯನ್ನು ಅರ್ಧ ತುಂಬಲು ಹೊರಟಿತ್ತು. 2016ರಲ್ಲಿ ಬಂದ ಕಾನೂನಿನಂತೆ ಪ್ರತಿ ಗನ್ ಶೋದಲ್ಲೂ ರಾಜ್ಯ ಪೊಲೀಸರು ಹಾಜರಿದ್ದು, ಖಾಸಗಿ ಮಾರಾಟಗಾರ ಬಯಸಿದರೆ ಅಲ್ಲೇ ಪರಿಶೀಲನೆ ಮಾಡಿಕೊಡಬೇಕಿತ್ತು. ನಾನು ನೋಡಿದ ಗನ್ ಶೋದಲ್ಲೂ ಒಂದು ಮೂಲೆಯಲ್ಲಿ ಆ ಮೇಜಿತ್ತು. ಅರ್ಧ ಗಂಟೆ ಅದರ ಆಸುಪಾಸಿನಲ್ಲೇ ಸುಳಿದಾಡಿದೆ. ಒಬ್ಬನೂ ಅತ್ತ ಹೋಗಲಿಲ್ಲ. ಪೊಲೀಸರಿಬ್ಬರು ಕಾಫಿ ಕುಡಿಯುತ್ತ ಎದುರಿನ ಒಣಮಾಂಸದ ಅಂಗಡಿಯ ಸಾಲನ್ನು ನೋಡುತ್ತ ಕುಳಿತಿದ್ದರು. ಐಚ್ಛಿಕ ಎಂದು ಬರೆದ ನಿಯಮಕ್ಕೆ ಆಗುವ ಗತಿ ನಮ್ಮೂರಲ್ಲೂ ಅದೇ.

ಈಗ ಅಪ್ಪನ ಕೋವಿಯ ಕತೆಗೆ ಬರುತ್ತೇನೆ. ಕಣ್ಣು ಮಂಜಾದ ಮೇಲೆ ಅಪ್ಪ ಅದನ್ನು ನೆರೆಮನೆಯವರಿಗೆ ಮಾರಲು ನಿರ್ಧರಿಸಿದರು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನು ಖಾಸಗಿ ಮಾರಾಟವನ್ನು ನಿಷೇಧಿಸುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸ್ವಂತ ಬಳಕೆಗೆ ಇಟ್ಟುಕೊಂಡ ಆಯುಧವನ್ನು, ಅದನ್ನು ಹೊಂದಲು ಅರ್ಹನಾದ ಇನ್ನೊಬ್ಬನಿಗೆ, ವ್ಯಾಪಾರಿಯ ಲೈಸೆನ್ಸ್ ಇಲ್ಲದೆಯೇ ಮಾರಬಹುದು. ಆದರೆ ಕೊಳ್ಳುವವನ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಮುಂಚಿತವಾಗಿ ಲಿಖಿತ ಮಾಹಿತಿ ಕೊಡಬೇಕು, ಕೊಟ್ಟ ಮೇಲೆ ಕನಿಷ್ಠ 45 ದಿನ ಕಾಯಬೇಕು. ಕೊಳ್ಳುವವನ ಲೈಸೆನ್ಸ್ ಪುಸ್ತಕದಲ್ಲಿ ಆ ಕೋವಿಯ ನಂಬರು ಏರದೆ ಅದು ಅವನದಾಗದು.

ಬರಹದಲ್ಲಿ ಇದು ಚೆನ್ನಾಗಿದೆ. ಅಪ್ಪ ಅರ್ಜಿ ಬರೆದು ಠಾಣೆಗೆ ಹೋದಾಗ ಅಲ್ಲಿನ ರೈಟರ್ ಅದನ್ನು ಓದಿ, ಮಡಚಿ, ಫೈಲೊಂದರೊಳಗೆ ಇಟ್ಟು, “ಆಯ್ತು ಭಟ್ರೇ, ನೋಡುವ” ಎಂದರಂತೆ. ಸ್ವೀಕೃತಿಯ ಮೊಹರು ಹಾಕಿಕೊಡಿ ಎಂದದ್ದಕ್ಕೆ, ಸಾಹೇಬರು ಬಂದ ಮೇಲೆ ಎಂಬ ಉತ್ತರ. ಮೂರನೆಯ ಸಲ ಹೋದಾಗ ಆ ಅರ್ಜಿಯೇ ಸಿಗಲಿಲ್ಲ, ಹೊಸದು ಬರೆದುಕೊಡಬೇಕಾಯಿತು. ಹೀಗಾಗಿ 45 ದಿನ ಯಾವ ದಿನದಿಂದ ಲೆಕ್ಕ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ, ಆ ವರ್ಷದ ಬೆಳೆಯ ಕಾಲ ಮುಗಿದ ಮೇಲೆಯೇ ಕೋವಿ ಬೇಲಿಯಾಚೆ ಹೋಯಿತು. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಕೋವಿ ಠೇವಣಿ ಇಟ್ಟು, ಹಂದಿಗಳಿಗೆ ತೋಟ ಬಿಟ್ಟುಕೊಟ್ಟು ಕೂರುವ ಕೃಷಿಕರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಆದರೂ ನಮ್ಮ ಪದ್ಧತಿಯ ತಿರುಳು ಒಂದೇ ಮಾತಿನದು: ಕೋವಿ ಎಲ್ಲಿ ಹೋದರೂ ಅದರ ಕಾಗದ ಜೊತೆಗೆ ಹೋಗಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುವ ಆ ಮನೆಗಳಲ್ಲಿ ಕೂಡ ವಿನಾಯಿತಿಯ ಪತ್ರವೊಂದು ಇರುತ್ತದೆ, ಕೋವಿ ಯಾರ ಮನೆಯದೆಂದು ಜಿಲ್ಲಾಡಳಿತಕ್ಕೆ ಗೊತ್ತಿರುತ್ತದೆ.

ಅಮೆರಿಕದಲ್ಲಿ ಇದು ತಿರುಗುಮುರುಗು. 1986ರ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ ಒಕ್ಕೂಟ ಸರ್ಕಾರ ಬಂದೂಕುಗಳ ನೋಂದಣಿ ಪುಸ್ತಕ ಇಡುವುದನ್ನೇ ನಿಷೇಧಿಸಿತು. ವ್ಯಾಪಾರಿಗಳು ತಮ್ಮದೇ ರಾಜ್ಯದ ಗನ್ ಶೋಗಳಲ್ಲಿ ಮಾರಲು ಅನುವು ಮಾಡಿಕೊಟ್ಟದ್ದೂ, ಹವ್ಯಾಸಕ್ಕೆ ಅಪರೂಪಕ್ಕೊಮ್ಮೆ ಮಾರುವವನು ವ್ಯಾಪಾರಿಯಲ್ಲ ಎಂದು ಬರೆದಿಟ್ಟದ್ದೂ ಅದೇ. ಅಪರಾಧದ ಸ್ಥಳದಲ್ಲಿ ಸಿಕ್ಕಿದ ಬಂದೂಕಿನ ಜಾಡನ್ನು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನ ಒಕ್ಕೂಟದ ಕಚೇರಿ ಹುಡುಕುತ್ತದೆ. ತಯಾರಕರಿಂದ ವ್ಯಾಪಾರಿ, ವ್ಯಾಪಾರಿಯಿಂದ ಮೊದಲ ಗಿರಾಕಿ, ಇಷ್ಟರವರೆಗೆ ದಾರಿ ಸಿಗುತ್ತದೆ. ಮೊದಲ ಗಿರಾಕಿ ‘ಯಾವುದೋ ಗನ್ ಶೋದಲ್ಲಿ ಮಾರಿಬಿಟ್ಟೆ’ ಎಂದರೆ ಅನೇಕ ರಾಜ್ಯಗಳಲ್ಲಿ ಜಾಡು ಅಲ್ಲಿಗೆ ಮುಗಿಯಿತು. ಅಡಿಕೆ ಮಾರಿದ ಚೀಟಿಯನ್ನು ಹತ್ತು ವರ್ಷ ಕಟ್ಟಿಡುವ ಮನೆಯಿಂದ ಬಂದ ನನಗೆ ಇದು ಇಂದಿಗೂ ಒಗ್ಗಿಲ್ಲ.

ಇದರ ಬೆಲೆ ಮೊದಲು ದೊಡ್ಡದಾಗಿ ಕಂಡದ್ದು 1999ರ ಏಪ್ರಿಲ್‌ನಲ್ಲಿ, ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಕೊಲೆಗಳನ್ನು ನಡೆಸಿದಾಗ. ಅಲ್ಲಿ ಬಳಕೆಯಾದ ನಾಲ್ಕು ಬಂದೂಕುಗಳಲ್ಲಿ ಮೂರನ್ನು ಆ ಹುಡುಗರಿಗಾಗಿ 18 ವರ್ಷದ ಗೆಳತಿಯೊಬ್ಬಳು ಗನ್ ಶೋದಲ್ಲಿ ಖಾಸಗಿ ಮಾರಾಟಗಾರರಿಂದ ಕೊಂಡಿದ್ದಳು. ಮರುವರ್ಷವೇ ಕೊಲೊರಾಡೊದ ಮತದಾರರು ಸುಮಾರು ಶೇಕಡ 70ರ ಬಹುಮತದಿಂದ ತಮ್ಮ ರಾಜ್ಯದ ಗನ್ ಶೋಗಳಲ್ಲಿ ಎಲ್ಲ ಮಾರಾಟಕ್ಕೂ ಪರಿಶೀಲನೆ ಕಡ್ಡಾಯ ಮಾಡಿದರು. 2013ರಲ್ಲಿ ಅದು ಗನ್ ಶೋದ ಹೊರಗಿನ ಮಾರಾಟಕ್ಕೂ ವಿಸ್ತರಿಸಿತು. ಕ್ಯಾಲಿಫೋರ್ನಿಯಾ ಇದಕ್ಕೂ ಮುಂಚೆ, 1991ರಿಂದಲೇ, ಖಾಸಗಿ ಮಾರಾಟವನ್ನು ವ್ಯಾಪಾರಿಯ ಮೂಲಕವೇ ನಡೆಸಬೇಕೆಂದು ವಿಧಿಸಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಪ್ರಯತ್ನವೊಂದು ಸ್ಯಾಂಡಿ ಹುಕ್ ಶಾಲೆಯ ಹತ್ಯೆಗಳ ನಂತರ ನಡೆದು, 2013ರ ಏಪ್ರಿಲ್‌ನಲ್ಲಿ ಸೆನೆಟ್ಟಿನಲ್ಲಿ 54 ಮತ ಪಡೆದೂ ಬಿದ್ದುಹೋಯಿತು. ಬೇಕಿದ್ದದ್ದು 60. 2022ರ ಒಕ್ಕೂಟದ ಕಾಯ್ದೆ ಸ್ವಲ್ಪ ಮುಂದೆ ಹೋಗಿ, ಮುಖ್ಯವಾಗಿ ಲಾಭಕ್ಕಾಗಿ ಮತ್ತೆ ಮತ್ತೆ ಮಾರುವವನನ್ನು ವ್ಯಾಪಾರಿ ಎಂದೇ ಎಣಿಸಬೇಕೆಂದು ಹೇಳಿತು. ಎಷ್ಟು ಮಾರಿದರೆ ವ್ಯಾಪಾರ ಎಂಬ ಸಂಖ್ಯೆಯನ್ನು ಮಾತ್ರ ಯಾರೂ ಬರೆದಿಲ್ಲ.

ಅಪರಾಧಿಗಳಿಗೆ ಬಂದೂಕು ಸಿಗುವುದು ಗನ್ ಶೋಗಳಿಂದಲ್ಲ ಎಂಬ ಎದುರುವಾದದವರ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಲಾರೆ. ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಕೈದಿಗಳನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ, ಅಪರಾಧದ ವೇಳೆ ಬಂದೂಕು ಹೊಂದಿದ್ದವರ ಪೈಕಿ ಅದನ್ನು ಗನ್ ಶೋದಲ್ಲಿ ಪಡೆದವರು ಶೇಕಡ 1ಕ್ಕಿಂತಲೂ ಕಡಿಮೆ. ಬೀದಿಯಲ್ಲಿ, ಕಳ್ಳ ಮಾರುಕಟ್ಟೆಯಲ್ಲಿ ಪಡೆದವರು ಸುಮಾರು ಶೇಕಡ 43. ನಮ್ಮ ವರ್ಜೀನಿಯಾದಲ್ಲೇ, 2007ರಲ್ಲಿ ವಿಶ್ವವಿದ್ಯಾಲಯವಾದ ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದವನು ಪಿಸ್ತೂಲುಗಳನ್ನು ಕೊಂಡದ್ದು ಲೈಸೆನ್ಸಿರುವ ವ್ಯಾಪಾರಿಗಳಿಂದ, ಪರಿಶೀಲನೆ ದಾಟಿಯೇ. ಆದರೆ ಬೀದಿಯ ಬಂದೂಕು ಬೀದಿಯಲ್ಲೇ ಹುಟ್ಟುವುದಿಲ್ಲವಲ್ಲ. 2019ರ ಆಗಸ್ಟ್‌ನಲ್ಲಿ ಟೆಕ್ಸಸ್ಸಿನ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾಗಳಲ್ಲಿ ಗುಂಡು ಹಾರಿಸಿದವನು ಮೊದಲು ವ್ಯಾಪಾರಿಯ ಬಳಿ ಹೋಗಿ ಪರಿಶೀಲನೆಯಲ್ಲಿ ತಿರಸ್ಕೃತನಾಗಿದ್ದ; ಬಳಿಕ ಖಾಸಗಿ ಮಾರಾಟದಲ್ಲಿ ಬಂದೂಕು ಪಡೆದ. ಅದು ಗನ್ ಶೋ ಆಗಿರಲಿಲ್ಲ. ಹೆಸರೇ ದಾರಿ ತಪ್ಪಿಸುತ್ತದೆ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಗನ್ ಶೋದ ಬಾಗಿಲು ಮುಚ್ಚಿಸಿದರೂ ಜಗಲಿಯ ಬಾಗಿಲು ತೆರೆದೇ ಇರುತ್ತದೆ. ಕಾಗದದ ಬಿಗಿಯಿಂದಲೇ ಎಲ್ಲ ಸರಿಹೋಗುತ್ತದೆ ಎನ್ನಲು ನಮಗೂ ಬಾಯಿಲ್ಲ, ಭಾರತದಲ್ಲಿ ಗುಂಡೇಟಿನ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಲೈಸೆನ್ಸೇ ಇಲ್ಲದ ನಾಡ ಬಂದೂಕುಗಳಿಂದ.

ನನಗೆ ಬೇಕೆನಿಸುವುದು 45 ದಿನವೂ ಅಲ್ಲ, ಐದು ನಿಮಿಷವೂ ಅಲ್ಲ. ಮಾರುವವನು ಕೇಳಲೇಬೇಕು, ಕೇಳಿದರೆ ಉತ್ತರ ಬೇಗ ಸಿಗಬೇಕು. 2020ರ ಜುಲೈ 1ರಿಂದ ವರ್ಜೀನಿಯಾ ತಂದ ಕಾನೂನು ಇದಕ್ಕೆ ಹತ್ತಿರದ್ದಾಗಿತ್ತು: ಖಾಸಗಿ ವ್ಯಕ್ತಿ ಬಂದೂಕು ಮಾರುವ ಮೊದಲು ವ್ಯಾಪಾರಿಯ ಮೂಲಕ ಪರಿಶೀಲನೆ ಮಾಡಿಸಬೇಕಿತ್ತು, ಆ ಕೆಲಸಕ್ಕೆ ವ್ಯಾಪಾರಿ 15 ಡಾಲರ್‌ಗಿಂತ ಹೆಚ್ಚು ತೆಗೆದುಕೊಳ್ಳುವಂತಿರಲಿಲ್ಲ. ಅದರ ಮೇಲೆ ನ್ಯಾಯಾಲಯದಲ್ಲಿ ದಾವೆಗಳೂ ಬಿದ್ದವು, 2025ರಲ್ಲಿ ರಾಜ್ಯದ ಒಂದು ನ್ಯಾಯಾಲಯ ಅದರ ಜಾರಿಯನ್ನೇ ತಡೆಯಿತು. ಶುಲ್ಕಕ್ಕೆ ಮಿತಿ ಹಾಕಿದ್ದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ, ಏಕೆಂದರೆ ಪ್ರಾಮಾಣಿಕನಿಗೆ ದುಬಾರಿಯಾದ ದಾರಿಯಲ್ಲಿ ಹೆಚ್ಚು ಜನ ನಡೆಯುವುದಿಲ್ಲ.

ನನ್ನನ್ನು ಗನ್ ಶೋಗೆ ಕರೆದೊಯ್ದ ಸಹೋದ್ಯೋಗಿ 2021ರಲ್ಲಿ ತಮ್ಮ ಅಜ್ಜನ ಶಾಟ್‌ಗನ್ನನ್ನು ಮಾರಿದರು. ಕಾನೂನು ಬಂದಾಗ ಗೊಣಗಿದವರಲ್ಲಿ ಅವರೂ ಒಬ್ಬರು. ಕೊಳ್ಳುವವನನ್ನು ಪಟ್ಟಣದ ಅಂಗಡಿಗೆ ಕರೆದುಕೊಂಡು ಹೋಗಿ, ಹಣ ಕಟ್ಟಿ, ನಮೂನೆ ತುಂಬಿಸಿ ಕುಳಿತರೆ, ಉತ್ತರ ಬರಲು ತಡವಾಗುತ್ತದೆ ಎಂಬ ಸೂಚನೆ ಬಂತಂತೆ. ಆ ಮನುಷ್ಯ ಗಡಿಯಾರ ನೋಡಿಕೊಂಡ, ಇನ್ನೊಂದು ದಿನ ಬರುವೆನೆಂದು ಹೇಳಿ ಹೋದ, ಮತ್ತೆ ಫೋನು ಎತ್ತಲಿಲ್ಲ. ಕೆಲಸ ಬಿದ್ದಿತೋ, ಮನಸ್ಸು ಬದಲಾಯಿತೋ, ಹೇಳುವಂತಿಲ್ಲ. ಶಾಟ್‌ಗನ್ನನ್ನು ಅವರು ಮುಂದಿನ ತಿಂಗಳು ಬೇರೊಬ್ಬರಿಗೆ ಕೊಟ್ಟರು, ಆ ಸಲ ಉತ್ತರ ಬರಲು ಹಿಡಿದದ್ದು ಹತ್ತು ನಿಮಿಷ. “ಮೊದಲಿನಂತಿದ್ದರೆ ಮೊದಲನೆಯವನಿಗೇ ಕೊಟ್ಟುಬಿಡುತ್ತಿದ್ದೆ” ಎಂದು ಊಟದ ಹೊತ್ತಿನಲ್ಲಿ ಒಮ್ಮೆ ಹೇಳಿದರು. ಗೊಣಗಾಟದ ಧಾಟಿಯಲ್ಲಿ ಹೇಳಲಿಲ್ಲ.