ಪಡುಕೆರೆಯ ದಾರಿ ಅಗಲವಾಗದಿರಲಿ

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನ ಮುಖ್ಯ ರೈಲು ನಿಲ್ದಾಣದ ಹಿಂಬದಿಯಲ್ಲಿ ನೀರು ದಾಟಿಸುವ ದೋಣಿಗೆ ಟಿಕೆಟ್ ಇಲ್ಲ. ಸೈಕಲ್ ಸಮೇತ ಹತ್ತಿ, ಆಚೆ ದಡದಲ್ಲಿ ಇಳಿದು ಪೂರ್ವಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಪಟ್ಟಣ ಮುಗಿದು ಡುರ್ಗರ್‌ಡಾಮ್ ಎಂಬ ಹಳ್ಳಿ ಬರುತ್ತದೆ. ಒಂದೇ ಸಾಲಿನ ಮರದ ಮನೆಗಳು, ಎದುರಿಗೆ ನೀರು ತಡೆಯುವ ಏರಿ, ಏರಿಯಾಚೆ ನೀರು. ಅಲ್ಲಿಂದ ಔಟ್‌ಡಾಮ್, ಮಾರ್ಕನ್, ಮೊನ್ನಿಕನ್‌ಡಾಮ್, ಬ್ರೂಕ್ ಹಳ್ಳಿಗಳನ್ನು ಸುತ್ತಿ ಮತ್ತೆ ದೋಣಿಕಟ್ಟೆಗೆ ಬಂದರೆ 45 ಕಿಲೋಮೀಟರ್ ಆಸುಪಾಸು. ಏರುದಾರಿ ಎಂಬುದೇ ಇಲ್ಲ. ಎದುರುಗಾಳಿ ಬೀಸಿದರೆ ಮಾತ್ರ ತೊಡೆ ನೋಯುತ್ತದೆ.

ನಾನು ಉಡುಪಿ ಜಿಲ್ಲೆಯ ಕಟಪಾಡಿಯವನು. ನಮ್ಮ ಕಡೆಯ ಪಡುಕೆರೆಯ ಕಡಲಬದಿ ರಸ್ತೆಯನ್ನು ಅಗಲ ಮಾಡಬೇಕು ಎಂಬ ಮಾತು ಕೇಳಿದಾಗಲೆಲ್ಲ ಈ ದಾರಿ ನೆನಪಾಗುತ್ತದೆ. ಊರಿನಿಂದ ಯಾರೇ ಬಂದರೂ ವಸ್ತುಸಂಗ್ರಹಾಲಯಗಳಿಗಿಂತ ಮೊದಲು ಈ ಸುತ್ತಿಗೆ ಕರೆದೊಯ್ಯುತ್ತೇನೆ. ಸಾಮಾನ್ಯವಾಗಿ ಅವರ ಮೊದಲ ಪ್ರಶ್ನೆ ನೀರಿನದ್ದು: ಇದು ಸಮುದ್ರವೋ, ಕೆರೆಯೋ? ಎರಡೂ ಹೌದು. 1932ರವರೆಗೆ ಇಲ್ಲಿದ್ದದ್ದು ಉಪ್ಪುನೀರಿನ ಕೊಲ್ಲಿ. 1916ರ ಜನವರಿಯ ಬಿರುಗಾಳಿಯಲ್ಲಿ ಏರಿಗಳು ಒಡೆದವು. ಮಾರ್ಕನ್ ದ್ವೀಪವೊಂದರಲ್ಲೇ 16 ಜನ ತೀರಿಕೊಂಡರು. ಅದಾದ ಮೇಲೆ 32 ಕಿಲೋಮೀಟರ್ ಉದ್ದದ ಕಟ್ಟೆ ಕಟ್ಟಿ ಕಡಲನ್ನು ಆಚೆಗೇ ನಿಲ್ಲಿಸಿದರು. ಕೊಲ್ಲಿ ಸಿಹಿನೀರಾಯಿತು, ಮೀನುಗಾರರ ಬದುಕು ಸೊರಗಿತು. 1957ರಲ್ಲಿ ಮಾರ್ಕನ್‌ಗೆ ನೀರಿನ ನಡುವೆ ಏರಿರಸ್ತೆ ಬಂತು. ಇಂದಿಗೂ ಅಲ್ಲಿನ ಹಳೆಯ ಮನೆಗಳು ನೆರೆಗೆ ಹೆದರಿ ದಿಬ್ಬಗಳ ಮೇಲೆ ಗುಂಪುಗೂಡಿ ನಿಂತಿವೆ. ಮೊನ್ನಿಕನ್‌ಡಾಮಿನಲ್ಲಿ ಹೊಗೆ ಹಾಕಿದ ಹಾವುಮೀನು ಸಿಗುತ್ತದೆ. ಬಂಗುಡೆ ತಿಂದು ಬೆಳೆದ ನಾಲಗೆಗೆ ಅದು ತುಸು ಸಪ್ಪೆ, ಆದರೂ ಹೊಗೆಯ ಘಮ ಚೆನ್ನಾಗಿದೆ.

ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುವುದು ಈ ದಾರಿಯಲ್ಲಿ ಕಾಣುವ ಜನ. ಎಪ್ಪತ್ತು ದಾಟಿದ ಗಂಡ ಹೆಂಡತಿ ಜೊತೆಜೊತೆಯಾಗಿ ತುಳಿಯುತ್ತಾರೆ. ಇಬ್ಬರು ಅಕ್ಕಪಕ್ಕದಲ್ಲಿ ಹೋಗುವುದಕ್ಕೆ ಕಾನೂನಿನ ಒಪ್ಪಿಗೆಯೇ ಇದೆ. ಪ್ರಾಥಮಿಕ ಶಾಲೆಯ ಮಕ್ಕಳು ತಾಯಿಯ ಮುಂದೆ ಮುಂದೆ ಸಾಗುತ್ತಾರೆ. ಏರಿಯ ಮೇಲೆ ಕಾರುಗಳೂ ಬರುತ್ತವೆ. ಆದರೆ ಅವು ಹಿಂದೆ ನಿಂತು ಕಾಯುತ್ತವೆ. ಈ ತಾಳ್ಮೆ ಹುಟ್ಟುಗುಣವಲ್ಲ. ಮೋಟಾರು ವಾಹನ ಸೈಕಲ್ಲಿಗೆ ಡಿಕ್ಕಿ ಹೊಡೆದರೆ ನಷ್ಟ ಕೊಡುವ ಹೊಣೆ ಬಹುಪಾಲು ವಾಹನದವನದೇ. ಪೆಟ್ಟಾದದ್ದು 14 ವರ್ಷದೊಳಗಿನ ಮಗುವಿಗಾದರೆ ತಪ್ಪು ಮಗುವಿನದಿದ್ದರೂ ಪೂರ್ತಿ ಪರಿಹಾರ ಕೊಡಬೇಕು.

ಈ ವಿಷಯ ಹೇಳಿದಾಗ ಊರಿನವರಿಂದ ಬರುವ ಉತ್ತರ ಒಂದೇ: ಅದು ಶ್ರೀಮಂತ ದೇಶ, ಸಮತಟ್ಟಾದ ನೆಲ, ಅಲ್ಲಿಯ ಮಾತು ಬೇರೆ. ಇದನ್ನು ನಾನು ಒಪ್ಪುವುದಿಲ್ಲ. 1960ರ ದಶಕದಲ್ಲಿ ಇಲ್ಲಿನವರೂ ಓಣಿಓಣಿಗೆ ಕಾರು ತುಂಬಿದ್ದರು. 1971ರ ಒಂದೇ ವರ್ಷದಲ್ಲಿ ಇಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಂದಿರು ಬೀದಿಗೆ ಇಳಿದರು, ರಸ್ತೆಗೆ ಅಡ್ಡ ಕೂತರು. ಇಂದು ನಾನು ನೆಮ್ಮದಿಯಿಂದ ತುಳಿಯುವ ದಾರಿಯ ಹಿಂದೆ ಆ ಹಟವಿದೆ.

ಇನ್ನು ಸಮತಟ್ಟಾದ ನೆಲದ ಮಾತು. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ ಹೋಗಿ ನೋಡಿ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ಸಾಲಿನ ಕೆಳಗೆ ಕಿರಿದಾದ ರಸ್ತೆ. ಅಂಗಳದಲ್ಲಿ ಬಲೆ ಹೆಣೆಯುವವರು, ಚಾಪೆಯ ಮೇಲೆ ಒಣಮೀನು. ಮುಂದೆ ಮಟ್ಟು, 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಗುಳ್ಳ ಬದನೆಯ ಗದ್ದೆಗಳು. ಹಾಗೇ ದಕ್ಷಿಣಕ್ಕೆ ಸಾಗಿದರೆ 1901ರ ಕಾಪು ದೀಪಸ್ತಂಭ. ನಿಜವಾದ ಕಡಲು, ನಿಜವಾದ ಅಲೆ. ಮಾರ್ಕನ್‌ಗಿಂತ ಇದೇ ಚಂದ ಎನ್ನಲು ನನಗೆ ಅಳುಕಿಲ್ಲ.

ಆದರೆ ಇದು ಸುತ್ತಾಗುವುದಿಲ್ಲ. ಮಟ್ಟುವಿನಿಂದ ಕಟಪಾಡಿ, ಉದ್ಯಾವರದ ಮೂಲಕ ಮಲ್ಪೆಗೆ ಮರಳಬೇಕಾದರೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಏರಲೇಬೇಕು. ಚತುಷ್ಪಥದಲ್ಲಿ ಮೀನಿನ ಲಾರಿ, ಎಕ್ಸ್‌ಪ್ರೆಸ್ ಬಸ್ಸುಗಳು ಹಾರುವ ಜಾಗದಲ್ಲಿ ಮಗಳ ಸೈಕಲ್ಲನ್ನು ಇಳಿಸಲು ನನಗೆ ಧೈರ್ಯ ಬಂದಿಲ್ಲ. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಅದು ಎಷ್ಟೋ ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ಮುಟ್ಟಿಸಿದ ಒಳ್ಳೆಯ ಕೆಲಸ. ಸೈಕಲ್ ಕೊಟ್ಟೆವು, ಅದು ಓಡಾಡುವ ದಾರಿಯನ್ನು ಮಾತ್ರ ಕಾಪಾಡಲಿಲ್ಲ.

ಸೆಕೆಯೂ ಮಳೆಯೂ ನಿಜ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲು ಕೊರೆಯುವಾಗ ಪಡುಕೆರೆಯಲ್ಲಿ ಯಾರೂ ವಿಹಾರಕ್ಕೆ ಹೋಗುವುದಿಲ್ಲ. ಆದರೆ ನವೆಂಬರ್‌ನಿಂದ ಫೆಬ್ರವರಿಯ ಬೆಳಗಿನ ಹೊತ್ತು, ಬಿಸಿಲೇರುವ ಮುಂಚೆ, ಅಲ್ಲಿನಷ್ಟು ಹಿತವಾದ ಸವಾರಿ ಯುರೋಪಿನಲ್ಲೂ ಸುಲಭಕ್ಕೆ ಸಿಗದು.

ಪ್ರವಾಸೋದ್ಯಮದ ಹೆಸರಿನಲ್ಲಿ ಈ ರಸ್ತೆಯನ್ನು ಅಗಲಗೊಳಿಸಬೇಕು ಎಂಬ ಮಾತು ಊರಿಗೆ ಹೋದಾಗಲೆಲ್ಲ ಕಿವಿಗೆ ಬೀಳುತ್ತದೆ. ಅಗಲ ಮಾಡಿದರೆ ಅಂಗಳಗಳು ಹೋಗುತ್ತವೆ, ವೇಗ ಬರುತ್ತದೆ. ಮಾರ್ಕನ್‌ನಲ್ಲಿ ಪ್ರವಾಸಿಗರ ಕಾರು ಊರ ಹೊರಗಿನ ನಿಲುಗಡೆಯಲ್ಲೇ ನಿಲ್ಲುತ್ತದೆ. ಒಳಗೆ ಕಾಲ್ನಡಿಗೆ, ಇಲ್ಲವೇ ಸೈಕಲ್. ಅಲ್ಲಿ ವ್ಯಾಪಾರ ನಿಂತಿಲ್ಲ. ನಿಧಾನವಾಗಿ ಹೋಗುವವನು ಅಂಗಡಿ ಕಂಡಲ್ಲೆಲ್ಲ ಇಳಿಯುತ್ತಾನೆ. ಮಲ್ಪೆ ತುದಿಯಲ್ಲಿ ಒಂದು, ಮಟ್ಟು ತುದಿಯಲ್ಲಿ ಒಂದು ನಿಲುಗಡೆ ಜಾಗ ಮಾಡಿ, ನಡುವಿನ ದಾರಿಯಲ್ಲಿ ವೇಗಕ್ಕೆ 20 ಕಿಲೋಮೀಟರ್ ಮಿತಿ ಹಾಕಿದರೆ ಊರವರ ರಿಕ್ಷಾ, ಮೀನಿನ ಟೆಂಪೊ ಎಂದಿನಂತೆ ಓಡಾಡಬಹುದು.

ಸುತ್ತು ಕೂಡಲು ಇನ್ನು ಅಡ್ಡ ಉಳಿಯುವುದು ಉದ್ಯಾವರ ಹೊಳೆ. ಮಲ್ಪೆಯಿಂದ ಉತ್ತರಕ್ಕಿರುವ ಕೆಮ್ಮಣ್ಣಿನಲ್ಲಿ ತಿಮ್ಮಣ್ಣಕುದ್ರು ಎಂಬ ನಡುಗಡ್ಡೆಗೆ ತೂಗುಸೇತುವೆ ಇದೆ. ಕಾರಿಗೆ ಒದಗದಷ್ಟು ಕಿರಿದಾದರೂ ಊರಿಗೆ ಅದು ಜೀವ. ಅದಕ್ಕಿಂತ ತುಸು ಅಗಲದ, ಸೈಕಲ್ಲಿಗೂ ಕಾಲ್ನಡಿಗೆಗೂ ಮೀಸಲಾದ ಒಂದು ಸೇತುವೆಯನ್ನು ಹೆದ್ದಾರಿಯಿಂದ ದೂರ, ಕಡಲ ಬದಿಗೆ ಕಟ್ಟಿದರೆ ಸುತ್ತು ಕೂಡುತ್ತದೆ. ಪಡುಕೆರೆಯ ಹುಡುಗಿ ಹೆದ್ದಾರಿ ಮುಟ್ಟದೆ ಉದ್ಯಾವರದ ಶಾಲೆಗೆ ಹೋಗಬಹುದು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗ ಈ ಸೇತುವೆಯ ಬೇಡಿಕೆಯನ್ನೂ ಬರೆಸಿ ಎಂದು ಅಲ್ಲಿರುವ ನನ್ನವರನ್ನು ಕೇಳಿಕೊಳ್ಳುತ್ತೇನೆ.