ತಮ್ಮನಿಗೆ ಮೀಸೆ ಚಿಗುರುವಂತಿಲ್ಲ

ಅಮೆರಿಕದ ಹಳೆಯ ಟಿವಿ ಸಿಟ್‌ಕಾಮ್‌ಗಳಲ್ಲಿ, ಅಂದರೆ ಹಾಸ್ಯ ಧಾರಾವಾಹಿಗಳಲ್ಲಿ, ಎಲ್ಲರಿಗಿಂತ ಅಭದ್ರವಾದ ನೌಕರಿ ಯಾರದು ಅಂತ ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ: ಮನೆಯ ಚಿಕ್ಕ ಹುಡುಗನದು. ಅಪ್ಪ ಹತ್ತು ವರ್ಷ ಅದೇ ಸೋಫಾದಲ್ಲಿ ಪೇಪರ್ ಓದುತ್ತಾ ಕೂರಬಹುದು, ಅಮ್ಮ ಅದೇ ಅಡುಗೆಮನೆಯಲ್ಲಿ ಅದೇ ಏಪ್ರನ್ ಕಟ್ಟಿಕೊಂಡಿರಬಹುದು. ಅಣ್ಣನಿಗೆ ಪ್ರಾಯ ಬಂದರೆ ಅವನದೊಂದು ಪ್ರೇಮ ಪ್ರಕರಣ ಶುರು ಮಾಡಿದರಾಯಿತು. ತಮ್ಮನಿಗೆ ಮಾತ್ರ ಮೀಸೆ ಚಿಗುರುವಂತಿಲ್ಲ. ಗಂಟಲು ಒಡೆಯಿತೋ, ಮುಂದಿನ ಸೀಸನ್‌ಗೆ ಇನ್ನೊಂದು ಮಗು ಬಂತು ಅಂತಲೇ ಲೆಕ್ಕ.

ಮನೆಗೆ ಹಿರಿಯವಳಾದ ನನಗೆ ತಮ್ಮಂದಿರ ಮೇಲೆ ಹುಟ್ಟಾ ಒಂದು ಅನುಮಾನವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಮಾಡಿದವನು ಅವನು, 'ದೊಡ್ಡವಳು ನೀನು, ನಿನಗೆ ಗೊತ್ತಾಗಬೇಡವಾ' ಅಂತ ಬೈಸಿಕೊಂಡವಳು ನಾನು. ಹಾಗಿದ್ದೂ ಈ ಟಿವಿ ತಮ್ಮಂದಿರ ಬಗ್ಗೆ ಮರುಕವೇ ಜಾಸ್ತಿ.

'ಲೀವ್ ಇಟ್ ಟು ಬೀವರ್' ಇವರೆಲ್ಲರ ಮೂಲಪುರುಷ. ಮೊದಲ ಕಂತು ಬಂದದ್ದು 1957ರ ಅಕ್ಟೋಬರ್ 4ಕ್ಕೆ, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ದಿನವೇ. ಆರು ಸೀಸನ್, 234 ಕಂತು. ಮೇಫೀಲ್ಡ್ ಎಂಬ ಕಾಲ್ಪನಿಕ ಊರು. ಅಲ್ಲಿ ವಾರ್ಡ್ ಮತ್ತು ಜೂನ್ ಕ್ಲೀವರ್ ದಂಪತಿ, ಅವರಿಗೆ ಇಬ್ಬರು ಗಂಡುಮಕ್ಕಳು: ದೊಡ್ಡವನು ವಾಲಿ, ಚಿಕ್ಕವನು ಥಿಯೋಡೋರ್. ಥಿಯೋಡೋರ್‌ನನ್ನು ಎಲ್ಲರೂ ಕರೆಯುವುದು ಬೀವರ್ ಅಂತ. ಆ ಪಾತ್ರ ಮಾಡಿದ ಜೆರ್ರಿ ಮ್ಯಾಥರ್ಸ್ ಆಡಿಷನ್‌ಗೆ ಕಬ್ ಸ್ಕೌಟ್ ಸಮವಸ್ತ್ರದಲ್ಲೇ ಹೋಗಿದ್ದನಂತೆ, ನನಗೆ ಇಲ್ಲಿಗಿಂತ ಸ್ಕೌಟ್ ಮೀಟಿಂಗಿಗೆ ಹೋಗಬೇಕು ಅಂದನಂತೆ. ಕೆಲಸ ಸಿಕ್ಕಿತು.

ಬೀವರ್ ಯಾಕೆ ಇವತ್ತಿಗೂ ಹಳಸಿಲ್ಲ ಅಂದರೆ, ಅವನು ಒಂದೇ ಒಂದು ಜೋಕು ಹೊಡೆಯುವುದಿಲ್ಲ. ತಾನು ತಮಾಷೆಯ ಹುಡುಗ ಎನ್ನುವುದು ಅವನಿಗೆ ಗೊತ್ತೇ ಇಲ್ಲ. ಬರೆಯುತ್ತಿದ್ದ ಜೋ ಕಾನೆಲಿ ಮತ್ತು ಬಾಬ್ ಮೋಷರ್ ಇಬ್ಬರೂ ಮಕ್ಕಳೊಂದಿಗರು, ತಮ್ಮ ಮನೆಗಳಲ್ಲಿ ಕೇಳಿದ್ದು ಕಂಡದ್ದನ್ನೇ ಕಂತು ಮಾಡುತ್ತಿದ್ದರು. 1961ರ ಒಂದು ಕಂತನ್ನೇ ತೆಗೆದುಕೊಳ್ಳಿ. ರಸ್ತೆ ಬದಿಯ ದೊಡ್ಡ ಜಾಹೀರಾತು ಫಲಕ, ಅದರಲ್ಲಿ ಹಬೆಯಾಡುವ ಬೃಹತ್ ಬಟ್ಟಲು. ಅದರೊಳಗೆ ನಿಜವಾಗಿ ಸೂಪ್ ಇದೆಯೋ ಇಲ್ಲವೋ? ಗೆಳೆಯ ವೈಟಿಗೂ ಇವನಿಗೂ ವಾದ. ಹತ್ತಿ ನೋಡದೆ ತೀರ್ಮಾನವಾಗುವುದು ಹೇಗೆ? ಹತ್ತಿದ, ಬಟ್ಟಲೊಳಗೆ ಸಿಕ್ಕಿಕೊಂಡ, ಕೊನೆಗೆ ಅಗ್ನಿಶಾಮಕ ದಳ ಬರಬೇಕಾಯಿತು. ದೊಡ್ಡವರಿಗೆ ಅದು ಬರೀ ಬೋರ್ಡು. ಹುಡುಗನಿಗೆ ಅದು ಪರೀಕ್ಷಿಸಿ ನೋಡಬೇಕಾದ ಸಂಗತಿ. ಇನ್ನೊಂದು ಕಂತಿನಲ್ಲಿ ಅಣ್ಣತಮ್ಮ ಸೇರಿ ಅಂಚೆಯಲ್ಲಿ ಮೊಸಳೆಮರಿ ತರಿಸಿ ಕಮೋಡಿನ ಟ್ಯಾಂಕಿನಲ್ಲಿ ಸಾಕುತ್ತಾರೆ. ಆ ಕಾಲದ ಅಮೆರಿಕನ್ ಟಿವಿಯಲ್ಲಿ ಕಮೋಡು ತೋರಿಸುವಂತಿರಲಿಲ್ಲ. ವಾದ ಮಾಡಿ ಮಾಡಿ, ಟ್ಯಾಂಕು ಮಾತ್ರ ತೋರಿಸಿ ಎಂದು ಒಪ್ಪಿಗೆ ಸಿಕ್ಕಿತು. ಮೊದಲು ಬರಬೇಕಿದ್ದ ಆ ಕಂತು ಇದೇ ರಗಳೆಯಲ್ಲಿ ಎರಡನೆಯದಾಯಿತು.

ಆದರೆ ಆ ಧಾರಾವಾಹಿಯ ಜೀವ ಇರುವುದು ಇಂಥ ಪ್ರಸಂಗಗಳಲ್ಲಿ ಅಲ್ಲ, ರಾತ್ರಿ ದೀಪ ಆರಿಸುವ ಮೊದಲು ಅಣ್ಣತಮ್ಮ ಆಡುವ ಮಾತಿನಲ್ಲಿ. ಬೀವರ್ ದೊಡ್ಡವರ ಲೋಕದ ಏನೋ ಒಂದು ಅರ್ಥವಾಗದ್ದನ್ನು ತಂದಿಡುತ್ತಾನೆ. ವಾಲಿಗೂ ಅದು ಪೂರ್ತಿ ಗೊತ್ತಿಲ್ಲ, ಆದರೂ ಗೊತ್ತಿರುವವನ ಗತ್ತಿನಲ್ಲಿ ಬಿಡಿಸಿ ಹೇಳುತ್ತಾನೆ. ವಾಲಿಯ ಪಾತ್ರವನ್ನು ಟೋನಿ ಡೌ ಎಷ್ಟು ಹದವಾಗಿ ಮಾಡಿದ್ದಾನೆ ಅಂದರೆ, ಒಳ್ಳೆಯ ತಮ್ಮನ ಪಾತ್ರ ಬೇಕಾದರೆ ಮೊದಲು ಒಳ್ಳೆಯ ಅಣ್ಣನನ್ನು ಹುಡುಕಬೇಕು ಎನ್ನಿಸುತ್ತದೆ. ಆಮೇಲೆ ಬಂದವರು ಇದನ್ನೇ ಮರೆತರು.

1963ರಲ್ಲಿ ಮ್ಯಾಥರ್ಸ್ ಹೈಸ್ಕೂಲಿಗೆ ಹೋಗಬೇಕು ಎಂದ, ಧಾರಾವಾಹಿ ಮುಗಿಯಿತು. ಸಕಾಲಕ್ಕೆ ಎದ್ದುಬಂದ ಪುಣ್ಯಾತ್ಮ. ಆದರೂ ಜನ ಬಿಡಲಿಲ್ಲ ನೋಡಿ. ಅರವತ್ತರ ದಶಕದ ಕೊನೆಗೆ ಅಮೆರಿಕದ ತುಂಬ ಒಂದು ಗಾಳಿಸುದ್ದಿ: ಬೀವರ್ ಮಾಡಿದ ಹುಡುಗ ವಿಯೆಟ್ನಾಂ ಯುದ್ಧದಲ್ಲಿ ಸತ್ತ! ಅಪ್ಪಟ ಸುಳ್ಳು. ಆದರೆ ಅಷ್ಟೊಂದು ಜನ ಅದನ್ನು ನಂಬಿದ್ದು ನನಗೆ ಕುತೂಹಲದ ಸಂಗತಿ. ಮನೆಮನೆಯ ಮಗು ಇಪ್ಪತ್ತು ದಾಟಿ, ದಪ್ಪಗಾಗಿ, ಕೆಲಸ ಹುಡುಕುತ್ತಾ ಅಲೆಯುತ್ತಿದೆ ಎಂದು ಊಹಿಸಿಕೊಳ್ಳುವುದಕ್ಕಿಂತ ಸತ್ತುಹೋಯಿತು ಅನ್ನುವುದೇ ಅವರಿಗೆ ಸುಲಭವಾಯಿತೇನೋ. 1983ರಲ್ಲಿ ಅದೇ ನಟರನ್ನು ಸೇರಿಸಿ ಒಂದು ಟಿವಿ ಸಿನಿಮಾ ಮಾಡಿದರು. ಅದರಲ್ಲಿ ಬೀವರ್ ವಿಚ್ಛೇದನವಾಗಿ, ಇಬ್ಬರು ಗಂಡುಮಕ್ಕಳ ಜೊತೆ ಅಮ್ಮನ ಮನೆಗೆ ವಾಪಸಾಗುತ್ತಾನೆ. ನನಗೆ ಇಷ್ಟವಾದ ಕಲ್ಪನೆ, ಆದರೆ ಹಳೇ ಅಭಿಮಾನಿಗಳಿಗೆ ಗಂಟಲಲ್ಲಿ ಇಳಿಯುವುದು ಕಷ್ಟ.

ಉಳಿದವರದು ಬದಲಿ ಮಗುವಿನ ಕಥೆ. 'ಮೈ ತ್ರೀ ಸನ್ಸ್'ನಲ್ಲಿ 1965ಕ್ಕೆ ದೊಡ್ಡ ಮಗನ ಪಾತ್ರದವನು ಬಿಟ್ಟುಹೋದ. ಹೆಸರಲ್ಲೇ ಮೂವರು ಗಂಡುಮಕ್ಕಳಿದ್ದಾರಲ್ಲ, ಲೆಕ್ಕ ತಪ್ಪಬಾರದು! ಪಕ್ಕದ ಮನೆಯ ಎರ್ನಿಯನ್ನು ದತ್ತು ತೆಗೆದುಕೊಂಡುಬಿಟ್ಟರು. ಎರ್ನಿ ಮಾಡಿದ ಬ್ಯಾರಿ ಲಿವಿಂಗ್‌ಸ್ಟನ್, ಆ ಮನೆಯ ಮೂರನೇ ಮಗ ಚಿಪ್‌ನ ಪಾತ್ರ ಮಾಡಿದ ಸ್ಟ್ಯಾನ್ಲಿಯ ಸ್ವಂತ ತಮ್ಮ ಎನ್ನುವುದು ಬೋನಸ್. 'ದಿ ಬ್ರಾಡಿ ಬಂಚ್'ನಲ್ಲಿ ಚಿಕ್ಕ ಹುಡುಗ ಬಾಬಿಯ ಪಾತ್ರ ಮಾಡಿದ ಮೈಕ್ ಲುಕಿನ್‌ಲ್ಯಾಂಡ್‌ನ ಕೂದಲಿಗೆ, ಅಣ್ಣಂದಿರದಕ್ಕೆ ಹೊಂದಲಿ ಅಂತ ಕಪ್ಪು ಬಣ್ಣ ಹಚ್ಚುತ್ತಿದ್ದರು. ಕೂದಲಿಗೇನೋ ಹಚ್ಚಬಹುದು, ವಯಸ್ಸಿಗೆ? 1974ರ ಹೊತ್ತಿಗೆ ಬಾಬಿಗೆ ಹದಿಮೂರು. ಕೊನೆಯ ಆರು ಕಂತುಗಳಿಗೆ ಕನ್ನಡಕದ ಪುಟ್ಟ ಆಲಿವರ್‌ನನ್ನು ಕರೆತಂದರು, ಕಸಿನ್ ಅಂತ ಹೇಳಿ. ಬಂದ ಮೊದಲ ಕಂತಿನಲ್ಲೇ ಆ ಹುಡುಗನಿಗೆ ತಾನು ಅಪಶಕುನ ಎಂಬ ಕೊರಗು. ಅಷ್ಟರಲ್ಲೇ ಧಾರಾವಾಹಿ ನಿಂತೇಹೋಯಿತು, ಪಾಪ. ಅಲ್ಲಿಂದ ಮುಂದೆ ಯಾವ ಸಿಟ್‌ಕಾಮ್‌ಗೆ ಕೊನೆಗಾಲದಲ್ಲಿ ಚಿಕ್ಕ ಮಗು ಬಂದರೂ ಅಮೆರಿಕನ್ನರು 'ಕಸಿನ್ ಆಲಿವರ್ ಬಂದ' ಅಂತ ಆಡಿಕೊಳ್ಳುತ್ತಾರೆ. 'ಗ್ರೋಯಿಂಗ್ ಪೇನ್ಸ್'ನಲ್ಲೂ 1991ರಲ್ಲಿ ಮನೆಯಿಲ್ಲದ ಒಬ್ಬ ಹುಡುಗ ಬಂದ. ಅವನ ಹೆಸರು ಲಿಯೊನಾರ್ಡೊ ಡಿಕಾಪ್ರಿಯೊ. ಎಲ್ಲ ಆಲಿವರ್‌ಗಳ ಹಣೆಬರಹವೂ ಒಂದೇ ಇರುವುದಿಲ್ಲ.

ಗ್ಯಾರಿ ಕೋಲ್ಮನ್ ವಿಷಯಕ್ಕೆ ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ. 1978ರಲ್ಲಿ ಶುರುವಾದ 'ಡಿಫರೆಂಟ್ ಸ್ಟ್ರೋಕ್ಸ್'. ಹಾರ್ಲೆಮ್‌ನ ಇಬ್ಬರು ಕಪ್ಪು ಹುಡುಗರು, ಅಣ್ಣ ವಿಲ್ಲಿಸ್, ತಮ್ಮ ಆರ್ನಾಲ್ಡ್. ಆರ್ನಾಲ್ಡ್ ಆಗಿ ನಟಿಸಿದವನೇ ಕೋಲ್ಮನ್. ಅಮ್ಮ ತೀರಿಕೊಂಡ ಮೇಲೆ ಆಕೆ ಕೆಲಸ ಮಾಡುತ್ತಿದ್ದ ಮನೆಯ ಬಿಳಿಯ ಸಾಹುಕಾರ ಅವರನ್ನು ಸಾಕಿಕೊಳ್ಳುತ್ತಾನೆ. ಆರ್ನಾಲ್ಡ್ ಅಣ್ಣನ ಕಡೆ ತಿರುಗಿ ಕಣ್ಣು ಕಿರಿದು ಮಾಡಿ 'ಏನ್ ಮಾತಾಡ್ತಿದೀಯ ವಿಲ್ಲಿಸ್' ಅನ್ನುವ ಧಾಟಿಯಲ್ಲಿ ಕೇಳುವ ಒಂದು ಸಾಲು ಇಡೀ ದೇಶದ ಬಾಯಲ್ಲಿತ್ತು. ಅವನು ಬೀವರ್‌ಗೆ ತದ್ವಿರುದ್ಧ. ದೊಡ್ಡವರು ಬರೆದ ಮಾತನ್ನು ದೊಡ್ಡವರ ಟೈಮಿಂಗ್‌ನಲ್ಲೇ ಹೊಡೆಯುತ್ತಿದ್ದ ಹುಡುಗ. ಅದ್ಭುತ ಪ್ರತಿಭೆ. ಆದರೆ ಹುಟ್ಟಿನಿಂದಲೇ ಮೂತ್ರಪಿಂಡದ ಕಾಯಿಲೆ, ಅದಕ್ಕೆ ತೆಗೆದುಕೊಂಡ ಔಷಧಿ, ಎರಡೂ ಸೇರಿ ಅವನ ಎತ್ತರ 4 ಅಡಿ 8 ಇಂಚಿಗೆ ನಿಂತಿತು. ಬೆಳೆಯಬಾರದು ಎಂದು ಟಿವಿ ಎಲ್ಲ ತಮ್ಮಂದಿರಿಂದ ಬಯಸುತ್ತಿದ್ದುದನ್ನು ಈ ಹುಡುಗನಲ್ಲಿ ರೋಗವೇ ಮಾಡಿಕೊಟ್ಟಿತು, ಅದರ ಮೇಲೆ ಎಂಟು ಸೀಸನ್ ನಡೆಯಿತು. ಕ್ರೂರ ಎನ್ನುವ ಪದ ಬಳಸಲು ನನಗೇನೂ ಸಂಕೋಚವಿಲ್ಲ. ತಮಾಷೆ ಅಂದರೆ, ಹದಿನಾರು ತುಂಬಿದಾಗ ಇವನೂ ಸಾಲದಾದ. 1984ರಲ್ಲಿ ಸ್ಯಾಮ್ ಎಂಬ ಹೊಸ ಪುಟ್ಟ ತಮ್ಮ ಬಂದ. ಮುಂದೆ ಕೋಲ್ಮನ್ ತನ್ನ ದುಡ್ಡಿನ ವಿಚಾರವಾಗಿ ತಂದೆತಾಯಿ ಮತ್ತು ಮ್ಯಾನೇಜರ್ ಮೇಲೆಯೇ ದಾವೆ ಹೂಡಿ 1993ರಲ್ಲಿ ಗೆದ್ದ. ಆದರೂ 1999ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. 2010ರಲ್ಲಿ, 42ನೇ ವಯಸ್ಸಿಗೆ, ತೀರಿಕೊಂಡ.

ಈ ಇಡೀ ಗುಂಪಿನಲ್ಲಿ ಬೆಳೆಯಲು ಪೂರ್ತಿ ಅನುಮತಿ ಸಿಕ್ಕ ತಮ್ಮ ಅಂದರೆ ನನ್ನ ಪ್ರಕಾರ 'ದಿ ವಂಡರ್ ಇಯರ್ಸ್'ನ ಕೆವಿನ್ ಆರ್ನಾಲ್ಡ್ ಒಬ್ಬನೇ. 1988ರಿಂದ 1993, ಕಥೆ ನಡೆಯುವುದು ಅದಕ್ಕೂ ಇಪ್ಪತ್ತು ವರ್ಷ ಹಿಂದೆ. ಇಲ್ಲಿ ಜೋಕಿಗೊಮ್ಮೆ ಹಿನ್ನೆಲೆಯಲ್ಲಿ ಕೇಳಿಸುವ ರೆಕಾರ್ಡೆಡ್ ನಗು ಇಲ್ಲ. ಮನೆಗೆ ಮೂರನೆಯವನಾದ ಕೆವಿನ್ ದೊಡ್ಡವನಾದ ಮೇಲೆ ಹಿಂತಿರುಗಿ ನೋಡುತ್ತಾ ಕಥೆ ಹೇಳುತ್ತಾನೆ, ಡೇನಿಯಲ್ ಸ್ಟರ್ನ್ ದನಿಯಲ್ಲಿ. ತಮ್ಮನ ಬಾಯಿಗೆ ಜೋಕು ಕೊಡುವ ಬದಲು ಕಥೆಯನ್ನೇ ಕೊಟ್ಟರು. ಹಾಗಾಗಿ ಕೆವಿನ್‌ನ ಪಾತ್ರ ಮಾಡಿದ ಫ್ರೆಡ್ ಸ್ಯಾವೇಜ್ ಎತ್ತರವಾದದ್ದು, ದನಿ ಒಡೆದದ್ದು ಯಾವುದೂ ತೊಡಕಾಗಲಿಲ್ಲ, ಕಥೆಯೇ ಅದಾಗಿತ್ತು. ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ಚಿಕ್ಕವನಿಗೆ ಎಲ್ಲವೂ ಕಾಣುತ್ತದೆ. ಸದಾ ಸಿಡುಕುವ ಅಪ್ಪನ ಆಫೀಸಿಗೆ ಒಂದು ದಿನ ಹೋಗುತ್ತಾನೆ. ಅಪ್ಪನಿಗೆ ಒಂದು ಕಾಲದಲ್ಲಿ ಹಡಗಿನ ಕ್ಯಾಪ್ಟನ್ ಆಗುವ ಆಸೆಯಿತ್ತೆಂದು ತಿಳಿಯುತ್ತದೆ, ಅದೇ ಅಪ್ಪ ಮೇಲಧಿಕಾರಿಯಿಂದ ಬೈಸಿಕೊಳ್ಳುವುದೂ ಕಣ್ಣಿಗೆ ಬೀಳುತ್ತದೆ. ಅಂಥ ಇಪ್ಪತ್ತೆರಡು ನಿಮಿಷ ಟಿವಿಯಲ್ಲಿ ಕಡಿಮೆ.

ಒಂದೇ ತಕರಾರು, ಹಿರಿಯರ ಸಂಘದ ಪರವಾಗಿ. ಅಣ್ಣ ವೇಯ್ನ್ ಇದ್ದಾನಲ್ಲ, ಕೆವಿನ್‌ನನ್ನು 'ಬಟ್‌ಹೆಡ್' ಅಂತ ಕರೆಯುವುದು, ಹಿಡಿದು ಕೆಡವಿ ಗುದ್ದುವುದು ಬಿಟ್ಟು ಅವನಿಗೆ ಬಹುಕಾಲ ಬೇರೆ ಕೆಲಸವೇ ಇಲ್ಲ. ಕಥೆ ಹೇಳುವವನು ತಮ್ಮ ತಾನೇ, ಹಾಗೇ ಕಾಣಬೇಕು. ಕೊನೆಯ ಕಂತಿನಲ್ಲಿ ಮಾತ್ರ ಆ ದನಿ ಎಲ್ಲರಿಗೂ ಮುಂದೇನಾಯಿತು ಎಂದು ಹೇಳುತ್ತಾ ಹೋಗುವಾಗ ನಡುವೆ ಒಂದು ವಿಷಯ ಬಂದುಹೋಗುತ್ತದೆ: ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು, ಅವರ ಪೀಠೋಪಕರಣದ ಕಾರ್ಖಾನೆ ವೇಯ್ನ್ ನೋಡಿಕೊಂಡ. ಅಷ್ಟೇ, ಮುಂದಿನ ಮಾತಿಗೆ ಹೋಯಿತು. ಅಪ್ಪ ಹೋದ ಮೇಲೆ ಆ ಕಾರ್ಖಾನೆಯ ಬೀಗದ ಕೈ ತೆಗೆದುಕೊಂಡ ಇಪ್ಪತ್ತು ಚಿಲ್ಲರೆಯ ಹುಡುಗನ ಕಥೆಯನ್ನು ಯಾರಾದರೂ ಬರೆದರೆ, ಕೆವಿನ್‌ನನ್ನು ಅದರಲ್ಲಿ ರಜೆಗೆ ಮಾತ್ರ ಊರಿಗೆ ಬರುವ ತಮ್ಮನನ್ನಾಗಿ ಇಟ್ಟರೆ, ಒಂದು ಕಂತೂ ಬಿಡದೆ ನೋಡುವವಳು ನಾನು.