ದಿನ್ನೆಯ ಮೇಲಿನ ನಾಲ್ಕು ಅಂಕಣದ ಮನೆ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು ಅಂಕಣದ ಮಣ್ಣಿನ ಮಾಳಿಗೆಯ ಮನೆ ಕೊಂಡಿದ್ದೇನೆ. ಅಂಕಣ ಅಂದರೆ ಕಂಬ, ತೊಲೆಗಳ ನಡುವಿನ ಒಂದು ಭಾಗ; ಮಾಳಿಗೆ ಅಂದರೆ ಮಣ್ಣು ಬಡಿದ ಚಪ್ಪಟೆ ಚಾವಣಿ. ಸುದ್ದಿ ತಿಳಿದ ಬೆಳಗಾವಿಯ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಯಲ್ಲಿರುವವನು ಆ ಹಣವನ್ನು ಇಲ್ಲೇ ಒಂದು ನಿವೇಶನಕ್ಕೆ ಮುಂಗಡ ಕೊಡಬಾರದಿತ್ತೇ? ಹಳ್ಳಿಯ ಮನೆ ಯಾರಿಗೆ ಬೇಕು, ಮಾರಿದರೆ ಅರ್ಧವಾದರೂ ಬರುತ್ತದೆಯೇ? ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಮ್ಮೆ ಬರೆಯುತ್ತೇನೆ.

ನನ್ನ ಅಪ್ಪನ ಊರು ನೀರಿನಲ್ಲಿದೆ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಂದರೆ ನಾನು ಹುಟ್ಟುವ ಮೊದಲೇ ನಮ್ಮ ಊರು ಮುಳುಗುವ ಊರಾಗಿತ್ತು. ಮುಳುಗುವ ಊರಿನಲ್ಲಿ ಬೆಳೆದವರಿಗೆ ಅದರ ರುಚಿ ಗೊತ್ತು. ಯಾರೂ ಹೊಸ ಗೋಡೆ ಎತ್ತುವುದಿಲ್ಲ, ಬಿದ್ದ ಗೋಡೆಗೆ ತೇಪೆ ಹಚ್ಚುತ್ತಾರೆ. ಆ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೊನೆಗೆ ಅಧಿಕಾರಿಗಳು ಬಂದು ಗೋಡೆಯ ಉದ್ದಗಲ ಅಳೆದರು, ಬಾಗಿಲು ಕಿಟಕಿ ಎಣಿಸಿದರು, ಹಿತ್ತಲಿನ ಬೇವಿನ ಮರಕ್ಕೂ ಬೆಲೆ ಕಟ್ಟಿದರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಜನರು ತೊಲೆ, ಜಂತಿ, ಬಾಗಿಲುಗಳನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ಸಾಗಿಸುತ್ತಿದ್ದರು. ಈಗ ಜಲಾಶಯ 519.6 ಮೀಟರಿಗೆ ತುಂಬಿದರೆ 123 ಟಿಎಂಸಿ ನೀರು ನಿಲ್ಲುತ್ತದೆ ಎಂದು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ಅದರ ಅಡಿಯಲ್ಲಿ ನಮ್ಮ ಪಡಸಾಲೆ ನನ್ನ ಕಣ್ಣಿಗೆ ಕಟ್ಟುತ್ತದೆ. ಆ ನೀರು ಎಷ್ಟೋ ಒಣಭೂಮಿಯನ್ನು ಹಸಿರು ಮಾಡಿದೆ, ಅದನ್ನು ಅಲ್ಲಗಳೆಯಲಾರೆ. ನನ್ನ ಸಂಕಟವೇ ಬೇರೆ. ಮಕ್ಕಳು "ನಮ್ಮ ಊರು ಯಾವುದು?" ಎಂದು ಕೇಳಿದಾಗ ಕೊಲ್ಹಾರದ ಸೇತುವೆಯ ಮೇಲೆ ಬಸ್ ಹೋಗುವಾಗ ಹಿನ್ನೀರಿನತ್ತ ಕೈ ತೋರಿಸುವುದನ್ನು ಬಿಟ್ಟು ಬೇರೆ ಉತ್ತರ ನನ್ನಲ್ಲಿ ಇರಲಿಲ್ಲ.

ಅಪ್ಪನ ಊರು ಹೋಯಿತು, ಆದರೆ ಆಯಿಯ ತವರು ಉಳಿದಿತ್ತು. ಆಯಿ ಅಂದರೆ ಅಪ್ಪನ ತಾಯಿ. ಆಕೆ ಹುಟ್ಟಿದ ಹಳ್ಳಿ ದಿನ್ನೆಯ ಮೇಲಿದ್ದುದರಿಂದ ನೀರು ಅದರ ಕೆಳಗಿನ ಹೊಲಗಳವರೆಗೆ ಬಂದು ನಿಂತಿತು. ಆಕೆಯ ಅಣ್ಣನ ಮನೆ ಹದಿನಾಲ್ಕು ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿತ್ತು. ಮಣ್ಣಿನ ಮಾಳಿಗೆಗೆ ಬೀಗಕ್ಕಿಂತ ದೊಡ್ಡ ಶತ್ರುವಿಲ್ಲ. ಪ್ರತಿ ಬೇಸಿಗೆ ಮೃಗಶಿರಾ ಮಳೆಗೆ ಮೊದಲು ಯಾರಾದರೂ ಮೇಲೆ ಹತ್ತಿ ಹುಲ್ಲು ಕಿತ್ತು, ಇಲಿ ತೋಡಿದ ಬಿಲ ಮುಚ್ಚಿ, ಹೊಸ ಮಣ್ಣು ಹರಡಿ ಬಡಿಯಬೇಕು. ಒಂದು ವರ್ಷ ತಪ್ಪಿದರೆ ಸೋರುತ್ತದೆ, ಮೂರು ವರ್ಷ ತಪ್ಪಿದರೆ ಜಂತಿ ಕೊಳೆಯುತ್ತದೆ. ನಾನು ಮೊದಲ ಸಲ ಒಳಗೆ ಹೋದಾಗ ಒಂದು ಅಂಕಣ ಕುಸಿದು, ಬೆಳಕಿಂಡಿ ಇದ್ದಲ್ಲಿ ಇಡೀ ಆಕಾಶ ಕಾಣುತ್ತಿತ್ತು. ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಎಕ್ಕೆ ಬೆಳೆದಿತ್ತು. ಮೂರು ಕಂಬಗಳು ತಲೆಯ ಮೇಲಿನ ಬೋದಿಗೆ ಸಮೇತ ಗಟ್ಟಿಯಾಗಿದ್ದವು. ನಾಲ್ಕನೆಯದನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಹಳೆಯ ಮನೆಗಳನ್ನು ಕೊಂಡು ಕೆತ್ತನೆಯ ಕಂಬ, ತಲಬಾಗಿಲುಗಳನ್ನು ಬಿಚ್ಚಿ ದೊಡ್ಡ ಊರಿನ ಹೋಟೆಲುಗಳಿಗೆ ಮಾರುವ ವ್ಯಾಪಾರ ನಮ್ಮ ಕಡೆ ನಡೆಯುತ್ತಿದೆ. ಅದನ್ನು ಕಂಡರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. ನಾಲ್ಕನೆಯ ಕಂಬದ ಜಾಗಕ್ಕೆ, ಮುಳುಗಿದ ನಮ್ಮ ಮನೆಯಿಂದ ಕಾಕಾ ಬಿಚ್ಚಿ ತಂದು ದನದ ಕೊಟ್ಟಿಗೆಗೆ ಆಸರೆ ಕೊಟ್ಟಿದ್ದ ಕಂಬವನ್ನೇ ನಿಲ್ಲಿಸಿದ್ದೇವೆ. ಅದು ನಾಲ್ಕು ಬೆರಳು ಗಿಡ್ಡವಿತ್ತು, ಅಡಿಯಲ್ಲಿ ಕಲ್ಲು ಕೊಟ್ಟು ಬಡಿಗೇರರು ಸರಿಮಾಡಿದರು.

ಕಾಗದಪತ್ರದ ಕೆಲಸ ಏಳು ತಿಂಗಳು ಹಿಡಿಯಿತು. ಮನೆಯ ಉತಾರದಲ್ಲಿ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆಯಲ್ಲಿ, ಇನ್ನೂ ತೀರಿಹೋದ ಅಜ್ಜನ, ಅಂದರೆ ಆಯಿಯ ಅಣ್ಣನ ಹೆಸರೇ ಇತ್ತು. ವಾರಸಾ ಆಗಿ ಮಕ್ಕಳ ಹೆಸರು ಸೇರಬೇಕಿತ್ತು, ಪಂಚಾಯಿತಿ ಆಸ್ತಿಗಳ ಗಣಕ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬರಬೇಕಿತ್ತು, ಆಮೇಲೆ ನೋಂದಣಿ. ಅಲೆದಾಟದ ಕಥೆ ನಿಮಗೆಲ್ಲ ಗೊತ್ತೇ ಇದೆ. ನಾನು ಹೇಳಬೇಕಾದದ್ದು ವಾರಸುದಾರರ ಬಗ್ಗೆ. ಇಬ್ಬರು ಗಂಡುಮಕ್ಕಳು ಸೊಲ್ಲಾಪುರ ಮತ್ತು ಇಚಲಕರಂಜಿ ಸೇರಿದ್ದಾರೆ. ಮೂವರು ಹೆಣ್ಣುಮಕ್ಕಳನ್ನು ಜಮಖಂಡಿ, ಮುಧೋಳ, ಗುಳೇದಗುಡ್ಡಕ್ಕೆ ಕೊಟ್ಟಿದೆ. ಸಂಬಂಧದಲ್ಲಿ ಅವರು ನನಗೆ ದೊಡ್ಡವ್ವ, ಚಿಗವ್ವಂದಿರು. ಗಂಡುಮಕ್ಕಳು, "ಅವರಿಂದ ಹಕ್ಕು ಬಿಡುಗಡೆ ಬರೆಸಿಕೊಂಡರಾಯಿತು, ಒಂದೊಂದು ಸೀರೆ ಉಡಿಸೋಣ" ಎಂದರು. ಇದು ನಮ್ಮಲ್ಲಿ ಎಷ್ಟು ಸಹಜವಾಗಿದೆ ಎಂದರೆ ಹೇಳಿದವರಿಗೆ ಅದು ಅನ್ಯಾಯ ಎಂದು ಅನ್ನಿಸಿರಲೇ ಇಲ್ಲ. ಪಿತ್ರಾರ್ಜಿತದಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು ಎಂದು ಕಾಯ್ದೆಗೆ ತಿದ್ದುಪಡಿ ಬಂದದ್ದು 2005ರಲ್ಲಿ. ಇಷ್ಟು ವರ್ಷಗಳಾದರೂ ಅದು ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಷ್ಟೇ ನೆನಪಾಗುತ್ತದೆ. ನಾನು ಒಪ್ಪಲಿಲ್ಲ. ಬೆಲೆಯನ್ನು ಐದು ಪಾಲು ಮಾಡಿ ಐವರ ಬ್ಯಾಂಕ್ ಖಾತೆಗೂ ಸಮನಾಗಿ ಹಾಕಿದೆ. ಇಚಲಕರಂಜಿಯ ಮಾಮಾ ಇನ್ನೂ ಮಾತು ಬಿಟ್ಟಿದ್ದಾರೆ.

ಇಷ್ಟಾದರೂ ಜಮಖಂಡಿಯ ದೊಡ್ಡವ್ವ ಸಹಿ ಹಾಕಲಿಲ್ಲ. ನಾನೇ ಹೋಗಿ ಕುಳಿತೆ. ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ ಬಡಿಸಿ, ನಾನು ಕೈ ತೊಳೆಯುವವರೆಗೂ ಸುಮ್ಮನಿದ್ದು ಆಮೇಲೆ ಕೇಳಿದರು.

"ಹಣ ಇರಲಿ. ನಾನು ಪಂಚಮಿಗೆ ಬಂದರೆ ನೀನು ಬಾಗಿಲು ತೆಗೆಯುತ್ತೀಯಾ?"

"ತೆಗೆಯುತ್ತೇನೆ ದೊಡ್ಡವ್ವ."

"ಒಂದು ವರ್ಷ ಅಲ್ಲ. ನಾನು ಇರುವವರೆಗೆ."

ಎಪ್ಪತ್ತೊಂದು ವರ್ಷದ ಹೆಂಗಸು ಅವರು. ಮದುವೆಯಾಗಿ ಐವತ್ತು ವರ್ಷ ದಾಟಿದೆ, ಮೊಮ್ಮಕ್ಕಳ ಮದುವೆಯಾಗಿದೆ. ಆದರೂ ತವರಿನ ಬಾಗಿಲಿಗೆ ಬೀಗ ಬಿದ್ದ ಈ ಹದಿನಾಲ್ಕು ವರ್ಷ ಪಂಚಮಿಯ ದಿನ ಸೊಸೆಯಂದಿರು ತವರಿಗೆ ಹೋದ ಮೇಲೆ ಖಾಲಿ ಮನೆಯಲ್ಲಿ ಒಬ್ಬರೇ ಕುಳಿತಿರುತ್ತಿದ್ದರಂತೆ. ಆವರೆಗೆ ನಾನು ನನ್ನ ಬೇರಿನ ಚಿಂತೆಯಲ್ಲೇ ಇದ್ದೆ. ನನ್ನ ಅಪ್ಪ, ನನ್ನ ಮುಳುಗಿದ ಊರು, ನನ್ನ ಮಕ್ಕಳ ಪ್ರಶ್ನೆ. ಆ ಮನೆ ಬೇರೆ ಯಾರದೋ ತವರು ಎಂಬುದು ತಲೆಗೆ ಬಂದಿರಲಿಲ್ಲ. ಮುಳುಗಡೆಯ ಅಧಿಕಾರಿಗಳ ಪಟ್ಟಿಯಲ್ಲಿ ಗೋಡೆಗೆ, ಮರಕ್ಕೆ ಜಾಗವಿತ್ತು, ಪಂಚಮಿಗೆ ಬರುವ ಮಗಳಿಗೆ ಇರಲಿಲ್ಲ ಎಂದು ಇಷ್ಟು ವರ್ಷ ನೊಂದುಕೊಂಡವನು ನಾನು. ನನ್ನ ಲೆಕ್ಕದಲ್ಲೂ ಅವಳು ಇರಲಿಲ್ಲ. ಹಳ್ಳಿಯಲ್ಲಿ ಹಳೆಯ ಮನೆ ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಇದನ್ನೇ. ಋಣಭಾರ ಪತ್ರ ತೆಗೆಸುವ ಮೊದಲು ಆ ಮನೆಯಿಂದ ಕೊಟ್ಟ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಹೋಗಿ ಮಾತನಾಡಿಸಿ.

ಅಣೆಕಟ್ಟಿನ ನೀರನ್ನು 524.256 ಮೀಟರಿಗೆ ಏರಿಸುವ ಮಾತು ಇದೆಯಲ್ಲ, ಅದರ ಹತ್ತಿರ ಹಣ ಹಾಕುತ್ತೀಯಾ ಎಂದು ಕೆಲವರು ಎಚ್ಚರಿಸಿದ್ದಾರೆ. ಅಷ್ಟು ನೀರು ಬಂದರೂ ನಮ್ಮ ದಿನ್ನೆ ಉಳಿಯುತ್ತದೆ ಎಂಬುದು ಊರವರ ಲೆಕ್ಕ. ಕೆಳಗಿನ ಓಣಿಯ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ. ಮಾಳಿಗೆಗೆ ಮಣ್ಣು ಹಾಕಿದ ದಿನ ಬುಟ್ಟಿ ಹೊತ್ತು ಬಂದವರಲ್ಲಿ ಹೆಚ್ಚಿನವರು ಆ ಓಣಿಯವರೇ.

ಈ ಪಂಚಮಿಗೆ ಮೂವರೂ ಬಂದರು. ಗುಳೇದಗುಡ್ಡದ ಚಿಗವ್ವ ತಾವೇ ಖಣ ತಂದು, "ನನ್ನ ಉಡಿ ತುಂಬಲು ನನಗೇ ಬೇಕಾದ ಬಣ್ಣ" ಎಂದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಅಳ್ಳು ಹುರಿದರು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದರು. ಜೋಕಾಲಿ ಹಾಕಲು ತೊಲೆಯ ಯಾವ ಜಾಗ ಗಟ್ಟಿ ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಮರುದಿನ ಬೆಳಿಗ್ಗೆ ಮಣ್ಣಿನ ನಾಗಪ್ಪನ ಮುಂದೆ ಕುಳಿತು ದೊಡ್ಡವ್ವ ಕೊಬ್ಬರಿ ಬಟ್ಟಲಿನಿಂದ ಹಾಲೆರೆಯತೊಡಗಿದರು. ನಮ್ಮ ಕಡೆಯ ರೂಢಿಯಂತೆ ಒಂದೊಂದು ಸಲ ಎರೆಯುವಾಗಲೂ ಒಬ್ಬೊಬ್ಬರ ಪಾಲು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅಣ್ಣತಮ್ಮಂದಿರ ಪಾಲು, ಅದರಲ್ಲಿ ಇಚಲಕರಂಜಿಯವರದೂ ಬಂತು. ಅತ್ತೆಯ ಪಾಲು ಎಂದರು, ಅದು ನನ್ನ ಆಯಿ. ಅತ್ತೆಯನ್ನು ಕೊಟ್ಟ ಊರಿನ ಪಾಲು ಎಂದು ನೀರಿನಡಿಯ ನಮ್ಮ ಊರಿನ ಹೆಸರು ಹಿಡಿದು ಎರೆದರು. ಆಮೇಲೆ ಬಟ್ಟಲನ್ನು ನನ್ನ ಮಗಳ ಕೈಗೆ ಕೊಟ್ಟು, ಇನ್ನು ನೀನು ಹೇಳು ಎಂದರು.